ನೀರು, ಕರೆಂಟು ಮತ್ತು ಕಲ್ಲಿನ ಹೊಳಪು



ಹೊಸ ಮನೆಯ ಅಡುಗೆಮನೆಗೆ ಕಾಲಿಟ್ಟವರ ಕಣ್ಣು ಮೊದಲು ಬೀಳುವುದು ಗ್ರಾನೈಟ್ ಕಟ್ಟೆಯ ಮೇಲೆ. ಅದರ ಅಂಚು ದುಂಡಗಿರುತ್ತದೆ, ಕೈಯಾಡಿಸಿದರೆ ನುಣುಪಾಗಿ ಜಾರುತ್ತದೆ. ಸ್ಲ್ಯಾಬಿನ ಮೇಲ್ಮೈಗೆ ಹೊಳಪು ಬರುವುದು ಕಾರ್ಖಾನೆಯ ದೊಡ್ಡ ಯಂತ್ರದಲ್ಲಿ. ಅಂಚಿಗೆ ಹೊಳಪು ಬರುವುದು ಮಾತ್ರ ಬಹುಪಾಲು ಒಬ್ಬ ಕೆಲಸಗಾರನ ಕೈಯಲ್ಲಿ. ಅವನು ಎರಡು ಕೈಯಲ್ಲೂ ಕರೆಂಟಿನ ಯಂತ್ರ ಹಿಡಿದು, ಅದರ ಬಾಯಿಗೇ ನೀರು ಬಿಟ್ಟುಕೊಂಡು, ಒದ್ದೆ ನೆಲದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಗಂಟೆಗಟ್ಟಲೆ ಉಜ್ಜುತ್ತಾನೆ. ಎಡ್ಜ್ ಪಾಲಿಶ್ ಎಂದು ಕರೆಯುವ ಈ ಕೆಲಸವನ್ನು ಪ್ರಾಣಕ್ಕೆ ಸಂಚಕಾರವಿಲ್ಲದಂತೆ ಮಾಡುವುದು ಹೇಗೆ ಎಂಬುದು ಇವತ್ತಿನ ನನ್ನ ಮಾತಿನ ವಿಷಯ.

ನಮ್ಮದು ಕಲ್ಲಿನ ನಾಡು. ಇಳಕಲ್ಲಿನ ಕೆಂಪು ಗ್ರಾನೈಟ್, ಚಾಮರಾಜನಗರದ ಕಪ್ಪು ಶಿಲೆ, ದೇವನಹಳ್ಳಿ ಸೀಮೆಯ ಸಾದರಹಳ್ಳಿ ಕಲ್ಲು, ಶಹಾಬಾದಿನ ಹಾಸುಗಲ್ಲು, ಇವೆಲ್ಲ ದೇಶದಾದ್ಯಂತ ಹೆಸರಾದವು. ಬೆಂಗಳೂರಿನ ಪಕ್ಕದ ಜಿಗಣಿಯಲ್ಲಿ ಕಲ್ಲು ಸೀಳುವ, ಹೊಳಪು ಕೊಡುವ ಘಟಕಗಳು ಸಾಲುಸಾಲಾಗಿವೆ. ಈ ಕೆಲಸವನ್ನೇ ನಂಬಿಕೊಂಡ ಕುಟುಂಬಗಳು ನಮ್ಮಲ್ಲಿ ಬಹಳ. ರಾಜಸ್ಥಾನ, ಬಿಹಾರ, ಉತ್ತರ ಪ್ರದೇಶಗಳಿಂದ ಬಂದು ಇಲ್ಲಿ ದುಡಿಯುವವರೂ ಬಹಳ. ದೊಡ್ಡ ಕಾರ್ಖಾನೆಯಲ್ಲಿ ಸುರಕ್ಷತೆಯ ನಿಯಮ ಇರುತ್ತದೆ, ತಪಾಸಣೆಗೆ ಬರುವ ಅಧಿಕಾರಿ ಇರುತ್ತಾರೆ. ಮನೆಮನೆಗೆ ಹೋಗಿ ಕಟ್ಟೆ ಕೂರಿಸುವ ಕೆಲಸಗಾರನಿಗೆ ಅವೆರಡೂ ಇಲ್ಲ. ಅವನ ಸುರಕ್ಷತೆಯನ್ನು ಅವನೇ ನೋಡಿಕೊಳ್ಳಬೇಕು. ಅವನ ಜೊತೆಗೆ, ಅವನಿಗೆ ಕರೆಂಟು ಕೊಡುವ ಮನೆಯವರೂ ನೋಡಿಕೊಳ್ಳಬೇಕು.

ಮೊದಲು ಒಂದು ಪ್ರಶ್ನೆ. ಕರೆಂಟಿಗೂ ನೀರಿಗೂ ಆಗಿಬರುವುದಿಲ್ಲ ಎಂದು ಮಕ್ಕಳಿಗೂ ಗೊತ್ತು. ಹಾಗಿದ್ದ ಮೇಲೆ ಈ ಕೆಲಸಕ್ಕೆ ನೀರೇ ಬೇಡ ಎಂದುಬಿಡಬಹುದಲ್ಲವೇ? ಹಾಗೆ ಅನ್ನುವಂತಿಲ್ಲ. ನೀರು ಬೇಕೇಬೇಕು. ಅದಕ್ಕೆ ಎರಡು ಕಾರಣಗಳಿವೆ.

ಒಂದನೆಯದು ಶಾಖ. ಹೊಳಪು ಕೊಡುವ ಪ್ಯಾಡು ಎಂದರೆ ರಾಳದಲ್ಲಿ ವಜ್ರದ ಪುಡಿ ಕೂರಿಸಿದ ತಟ್ಟೆ. ನೀರಿಲ್ಲದೆ ಉಜ್ಜಿದರೆ ಒದ್ದೆ ಕೆಲಸಕ್ಕೆಂದೇ ಮಾಡಿದ ಪ್ಯಾಡಿನ ರಾಳ ಕಾದು ಕರಗಿ ಕಲ್ಲಿಗೆ ಮೆತ್ತಿಕೊಳ್ಳುತ್ತದೆ. ಕಲ್ಲಿನ ಮೇಲೆ ಸುಟ್ಟ ಕಲೆ ಉಳಿಯುತ್ತದೆ.

ಎರಡನೆಯದು ಇನ್ನೂ ಮುಖ್ಯ. ಅದು ಧೂಳು. ಗ್ರಾನೈಟಿನಲ್ಲಿ ಸ್ಫಟಿಕ ಶಿಲೆಯ ಅಂಶ ಧಾರಾಳವಾಗಿರುತ್ತದೆ. ಇದನ್ನೇ ಸಿಲಿಕಾ ಎನ್ನುತ್ತೇವೆ. ಒಣಕಲ್ಲನ್ನು ಉಜ್ಜಿದಾಗ ಏಳುವ ಬಿಳಿ ಧೂಳಿನಲ್ಲಿ ಕಣ್ಣಿಗೆ ಕಾಣುವ ದೊಡ್ಡ ಕಣಗಳಷ್ಟೇ ಇರುವುದಿಲ್ಲ, ಕಾಣದಷ್ಟು ಸಣ್ಣ ಕಣಗಳೂ ಇರುತ್ತವೆ. ದೊಡ್ಡವು ಮೂಗಿನಲ್ಲೇ, ಗಂಟಲಿನಲ್ಲೇ ನಿಂತುಹೋಗುತ್ತವೆ. ಸಣ್ಣವು ಶ್ವಾಸಕೋಶದ ತಳಕ್ಕೆ ಇಳಿದು ಅಲ್ಲೇ ಉಳಿಯುತ್ತವೆ. ಅವುಗಳ ಸುತ್ತ ಗಾಯದ ಗುರುತಿನಂಥ ಗಟ್ಟಿ ಅಂಗಾಂಶ ಬೆಳೆದು, ಶ್ವಾಸಕೋಶ ಹಿಗ್ಗುವ ಗುಣವನ್ನೇ ಕಳೆದುಕೊಳ್ಳುತ್ತದೆ. ಇದಕ್ಕೆ ಸಿಲಿಕೋಸಿಸ್ ಎಂದು ಹೆಸರು. ಒಮ್ಮೆ ಬಂದರೆ ವಾಸಿಯಾಗುವ ಕಾಯಿಲೆ ಇದಲ್ಲ. ಕೆಮ್ಮು, ಏದುಸಿರು, ತೂಕ ಇಳಿಯುವುದು, ಇವು ಇದರ ಲಕ್ಷಣಗಳು. ಕ್ಷಯದ ಲಕ್ಷಣಗಳೂ ಹೀಗೇ ಇರುವುದರಿಂದ ಎಷ್ಟೋ ಮಂದಿ ಇದನ್ನು ಟಿ.ಬಿ. ಎಂದೇ ತಿಳಿದು ಮಾತ್ರೆ ನುಂಗುತ್ತಾರೆ. ಸಿಲಿಕೋಸಿಸ್ ಇದ್ದವರಿಗೆ ಟಿ.ಬಿ. ತಗಲುವ ಅಪಾಯವೂ ಹೆಚ್ಚು. ಸಿಲಿಕಾ ಧೂಳಿನಿಂದ ಶ್ವಾಸಕೋಶದ ಕ್ಯಾನ್ಸರ್ ಬರುತ್ತದೆ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲೇ ತೀರ್ಮಾನಿಸಿದೆ.

ಇದು ದೂರದ ಸಂಗತಿಯಲ್ಲ. ಭಾರತದಲ್ಲಿ ಸಿಲಿಕೋಸಿಸ್ ಮೊದಲು ವರದಿಯಾದದ್ದು ನಮ್ಮ ಕೋಲಾರದ ಚಿನ್ನದ ಗಣಿಯಿಂದ, 1934ರಲ್ಲಿ. ಅಂದು ಭೂಮಿಯ ಆಳದಲ್ಲಿ ಬಂಡೆ ಕೊರೆದವರನ್ನು ಕಾಡಿದ ಧೂಳೇ ಇಂದು ಅಡುಗೆಮನೆಯ ಕಟ್ಟೆ ಉಜ್ಜುವವನ ಎದೆಗೂ ಇಳಿಯುತ್ತಿದೆ. ಈಚೆಗೆ ಹೆಚ್ಚಾಗಿ ಬಳಕೆಗೆ ಬಂದಿರುವ ಕ್ವಾರ್ಟ್ಜ್ ಸ್ಲ್ಯಾಬುಗಳ ಬಗ್ಗೆ ಇನ್ನಷ್ಟು ಎಚ್ಚರ ಬೇಕು. ಅದು ಗಣಿಯಿಂದ ಬಂದ ಕಲ್ಲಲ್ಲ, ಸ್ಫಟಿಕ ಶಿಲೆಯ ಪುಡಿಯನ್ನು ರಾಳದ ಜೊತೆ ಒತ್ತಿ ಮಾಡಿದ ಹಲಗೆ. ಅದರಲ್ಲಿ ಸಿಲಿಕಾ ಶೇಕಡಾ 90ರ ಆಸುಪಾಸಿನಲ್ಲಿರುವುದು ಸಾಮಾನ್ಯ. ಆ ಹಲಗೆಯನ್ನು ಕೊಯ್ದು ಉಜ್ಜುತ್ತಿದ್ದ ಹರೆಯದವರಲ್ಲೂ ಸಿಲಿಕೋಸಿಸ್ ಕಾಣಿಸಿಕೊಂಡದ್ದರಿಂದ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಅದನ್ನು ದೇಶದಲ್ಲೇ ನಿಷೇಧಿಸಿತು. ಕಪ್ಪು ಗ್ರಾನೈಟ್ ಎಂದು ಮಾರುವ ಕಲ್ಲು ಭೂವಿಜ್ಞಾನದ ಲೆಕ್ಕದಲ್ಲಿ ಬಹುಮಟ್ಟಿಗೆ ಡಾಲರೈಟ್. ಅದರಲ್ಲಿ ಸ್ಫಟಿಕದ ಅಂಶ ಕಡಿಮೆ. ಹಾಗೆಂದು ಅದರ ಧೂಳು ಕುಡಿಯಬಹುದು ಎಂದೇನೂ ಅಲ್ಲ. ಜೊತೆಗೆ ಕೆಲಸಗಾರ ಇವತ್ತು ಕಪ್ಪು ಕಲ್ಲು ಉಜ್ಜಿದರೆ ನಾಳೆ ಕೆಂಪು ಕಲ್ಲು ಉಜ್ಜುತ್ತಾನೆ.

ಧೂಳು ಏಳುವ ಜಾಗದಲ್ಲೇ ಅದನ್ನು ಹಿಡಿದು ಕೆಳಗೆ ಇಳಿಸುವ ಸುಲಭದ ಉಪಾಯ ನೀರು. ಆದ್ದರಿಂದ ಶಾಕ್ ಹೊಡೆದೀತು ಎಂದು ಹೆದರಿ ನೀರು ಬಿಡದೆ ಉಜ್ಜುವುದು ತಪ್ಪು. ನೀರು ಬಿಟ್ಟುಕೊಂಡು, ಕರೆಂಟಿನ ಬಗ್ಗೆ ಏನೂ ಏರ್ಪಾಡು ಮಾಡದಿರುವುದೂ ತಪ್ಪು. ನೀರು ಶ್ವಾಸಕೋಶವನ್ನು ಕಾಯಬೇಕು, ಆ ನೀರಿನಿಂದ ನಮ್ಮನ್ನು ಬೇರೊಂದು ಸಾಧನ ಕಾಯಬೇಕು. ಈ ಎರಡನ್ನೂ ಜೊತೆಯಾಗಿ ನಡೆಸುವುದೇ ಈ ಕೆಲಸದ ಜಾಣತನ.

ಈಗ ಯಂತ್ರದ ವಿಚಾರಕ್ಕೆ ಬರೋಣ. ಕಲ್ಲು ಕೊಯ್ಯಲು, ಕಬ್ಬಿಣ ಉಜ್ಜಲು ಬಳಸುವ ನಾಲ್ಕಿಂಚಿನ ಹ್ಯಾಂಡ್ ಗ್ರೈಂಡರ್ ಎಲ್ಲ ಕೆಲಸಗಾರರ ಬಳಿಯೂ ಇರುತ್ತದೆ. ಅದಕ್ಕೇ ಪಾಲಿಶ್ ಪ್ಯಾಡು ಸಿಕ್ಕಿಸಿ ಕೆಲಸ ಮಾಡುವ ರೂಢಿ ನಮ್ಮಲ್ಲಿ ಹೆಚ್ಚು. ಒಬ್ಬ ಗ್ರೈಂಡರ್ ಹಿಡಿದಿರುತ್ತಾನೆ. ಪಕ್ಕದಲ್ಲಿ ಹುಡುಗನೊಬ್ಬ ಕುಡಿಯುವ ನೀರಿನ ಪ್ಲಾಸ್ಟಿಕ್ ಬಾಟಲಿಯ ಮುಚ್ಚಳಕ್ಕೆ ಮೊಳೆಯಿಂದ ತೂತು ಮಾಡಿ, ಬಾಟಲಿಯನ್ನು ಹಿಸುಕಿ ಹಿಸುಕಿ ಪ್ಯಾಡಿನ ಬುಡಕ್ಕೆ ನೀರು ಚಿಮ್ಮಿಸುತ್ತಿರುತ್ತಾನೆ. ಇದನ್ನು ನೀವೂ ನೋಡಿರುತ್ತೀರಿ. ಇದರಲ್ಲಿರುವ ಅಪಾಯವನ್ನು ಬಿಡಿಸಿ ನೋಡಿ. ಹ್ಯಾಂಡ್ ಗ್ರೈಂಡರ್ ಒಣ ಕೆಲಸಕ್ಕೆ ಮಾಡಿದ ಯಂತ್ರ. ಅದರ ಮೋಟರು ಬಿಸಿಯಾಗದಂತೆ ಒಳಗಿನ ಫ್ಯಾನು ಹಿಂಭಾಗದ ಸೀಳುಗಳಿಂದ ಗಾಳಿಯನ್ನು ಎಳೆದುಕೊಳ್ಳುತ್ತದೆ. ಗಾಳಿಯ ಜೊತೆ ನೀರಿನ ತುಂತುರೂ, ಕಲ್ಲಿನ ರಾಡಿಯೂ ಒಳಕ್ಕೆ ಹೋಗುತ್ತವೆ. ಒಳಗಿರುವುದು 230 ವೋಲ್ಟಿನ ಸುರುಳಿ, ಕಾರ್ಬನ್ ಬ್ರಶ್, ಸ್ವಿಚ್ಚು. ಮೊದಲ ದಿನ ಏನೂ ಆಗದಿರಬಹುದು. ರಾಡಿ ಒಳಗೆ ಒಣಗಿ, ಮತ್ತೆ ನೆನೆದು, ಪದರ ಪದರವಾಗಿ ಕೂತ ಮೇಲೆ ಒಂದು ದಿನ ಕರೆಂಟು ಯಂತ್ರದ ಹೊರಮೈಗೆ ದಾರಿ ಮಾಡಿಕೊಳ್ಳುತ್ತದೆ.

ವೇಗದ ಸಮಸ್ಯೆಯೂ ಇದೆ. ಹ್ಯಾಂಡ್ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಒದ್ದೆ ಪಾಲಿಶ್ ಪ್ಯಾಡುಗಳು ತಾಳುವ ವೇಗ ಸಾಮಾನ್ಯವಾಗಿ ಅದರ ಅರ್ಧಕ್ಕಿಂತ ಕಡಿಮೆ. ಪ್ಯಾಡಿನ ಬೆನ್ನಿನ ಮೇಲೆ ಗರಿಷ್ಠ ವೇಗವನ್ನು ಅಚ್ಚು ಹಾಕಿರುತ್ತಾರೆ. ಆ ಅಂಕಿಗಿಂತ ಯಂತ್ರದ ವೇಗ ಹೆಚ್ಚಾದರೆ ಪ್ಯಾಡು ಕಿತ್ತುಕೊಂಡು ಹಾರುತ್ತದೆ, ನೀರು ಕಲ್ಲಿನ ಮೇಲೆ ನಿಲ್ಲದೆ ಸುತ್ತಲೂ ಎರಚುತ್ತದೆ.

ಒದ್ದೆ ಪಾಲಿಶಿಗೆಂದೇ ಮಾಡಿದ ಯಂತ್ರ ಬೇರೆಯೇ ಇದೆ. ಅದರಲ್ಲಿ ಸಣ್ಣ ಕೊಳವೆಯಿಂದ ಬರುವ ನೀರು ತಿರುಗುವ ದಂಡದ ನಡುವಿನಿಂದಲೇ ಹಾದು ಪ್ಯಾಡಿನ ಮಧ್ಯದಲ್ಲಿ ಹೊರಬೀಳುತ್ತದೆ. ನೀರನ್ನು ಹೆಚ್ಚು ಕಡಿಮೆ ಮಾಡಲು ಪುಟ್ಟ ವಾಲ್ವು ಇರುತ್ತದೆ. ಮೋಟರಿನ ಭಾಗಕ್ಕೆ ನೀರು ನುಗ್ಗದಂತೆ ಸೀಲುಗಳಿರುತ್ತವೆ. ವೇಗ ಬದಲಿಸುವ ಗುಂಡಿ ಇರುತ್ತದೆ. ಒಳ್ಳೆಯ ಯಂತ್ರಗಳ ವೈರಿನಲ್ಲೇ ಸೋಪಿನ ಡಬ್ಬಿಯಷ್ಟು ದೊಡ್ಡ, ಕರೆಂಟು ಸೋರಿದರೆ ತಾನಾಗಿಯೇ ಕಡಿಯುವ ಟ್ರಿಪ್ ಪೆಟ್ಟಿಗೆ ಕೂರಿಸಿರುತ್ತಾರೆ. ಬೆಲೆ ಹ್ಯಾಂಡ್ ಗ್ರೈಂಡರಿಗಿಂತ ಹೆಚ್ಚು, ನಿಜ. ಆದರೆ ವರ್ಷವಿಡೀ ಇದೇ ಕೆಲಸ ಮಾಡುವವರು ಮೊದಲು ಕೊಳ್ಳಬೇಕಾದ್ದು ಇದನ್ನೇ. ಒಂದೇ ಜಾಗದಲ್ಲಿ ಕೆಲಸ ಮಾಡುವ ಅಂಗಡಿಯವರಿಗೆ ಇನ್ನೂ ಒಳ್ಳೆಯ ದಾರಿಯಿದೆ. ಕಂಪ್ರೆಸರಿನ ಗಾಳಿಯಿಂದ ತಿರುಗುವ ಪಾಲಿಶ್ ಯಂತ್ರ ಸಿಗುತ್ತದೆ. ಕಂಪ್ರೆಸರನ್ನು ಒಣ ಜಾಗದಲ್ಲಿಟ್ಟರೆ ಕೆಲಸಗಾರನ ಕೈಗೆ ಗಾಳಿಯ ಪೈಪು ಬರುತ್ತದೆಯೇ ಹೊರತು ಕರೆಂಟು ಬರುವುದಿಲ್ಲ.

ಇನ್ನು ಕರೆಂಟಿನ ಲೆಕ್ಕ. ಇದನ್ನು ದಯವಿಟ್ಟು ಗಮನವಿಟ್ಟು ಕೇಳಿ. ಮನೆಯ ಬೋರ್ಡಿನಲ್ಲಿ ಎಂ.ಸಿ.ಬಿ. ಇದೆ, ಏನಾದರೂ ಆದರೆ ಅದು ಬಿದ್ದುಹೋಗುತ್ತದೆ, ಹೆದರಿಕೆಯಿಲ್ಲ ಎಂದು ಓದಿದವರೂ ನಂಬಿದ್ದಾರೆ. ಎಂ.ಸಿ.ಬಿ. ಕಾಯುವುದು ವೈರನ್ನು, ಮನುಷ್ಯನನ್ನಲ್ಲ. 16 ಆಂಪಿಯರಿನ ಎಂ.ಸಿ.ಬಿ. ಬೀಳಬೇಕಾದರೆ ಹದಿನಾರಕ್ಕಿಂತ ಹೆಚ್ಚು ಆಂಪಿಯರ್ ಹರಿಯಬೇಕು. ಮನುಷ್ಯನ ಪ್ರಾಣ ಹೋಗಲು ಒಂದು ಆಂಪಿಯರೂ ಬೇಡ. ಒಂದು ಆಂಪಿಯರನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲು ಒಂದು ಮಿಲಿ ಆಂಪಿಯರ್. ಅಷ್ಟು ಹರಿದರೆ ಕೈ ಜುಮ್ಮೆನ್ನುತ್ತದೆ. ಹತ್ತು ಮಿಲಿ ಆಂಪಿಯರ್ ದಾಟಿದರೆ ಕೈಯ ಸ್ನಾಯು ಬಿಗಿದುಕೊಂಡು, ಹಿಡಿದ ಯಂತ್ರವನ್ನು ಬಿಡಬೇಕೆಂದರೂ ಬಿಡಲಾಗುವುದಿಲ್ಲ. ಮೂವತ್ತು ದಾಟಿ ಸ್ವಲ್ಪ ಹೊತ್ತು ಹರಿದರೆ ಉಸಿರಾಟಕ್ಕೆ, ಹೃದಯದ ಬಡಿತಕ್ಕೆ ಅಪಾಯ. ಒದ್ದೆ ಕೈ, ಒದ್ದೆ ಕಾಲು, ಒದ್ದೆ ನೆಲ ಸೇರಿದಾಗ ಮನುಷ್ಯನ ಮೈ ಒಡ್ಡುವ ತಡೆ ಸುಮಾರು ಸಾವಿರ ಓಮಿಗೆ ಇಳಿಯುತ್ತದೆ. 230 ವೋಲ್ಟನ್ನು ಸಾವಿರದಿಂದ ಭಾಗಿಸಿ. 230 ಮಿಲಿ ಆಂಪಿಯರ್! ಎಂ.ಸಿ.ಬಿ.ಗೆ ಇದು ಲೆಕ್ಕಕ್ಕೇ ಇಲ್ಲದ ಕರೆಂಟು. ಅದು ಕದಲದೆ ಕೂತಿರುತ್ತದೆ.

ಮನುಷ್ಯನನ್ನು ಕಾಯುವ ಸಾಧನ ಬೇರೆ. ಅದರ ಹೆಸರು ಆರ್.ಸಿ.ಸಿ.ಬಿ. ಹಳಬರು ಇ.ಎಲ್.ಸಿ.ಬಿ. ಎನ್ನುತ್ತಾರೆ, ಕೆಲಸಗಾರರು ಟ್ರಿಪ್ ಸ್ವಿಚ್ ಎನ್ನುತ್ತಾರೆ. ಫೇಸ್ ವೈರಿನಲ್ಲಿ ಹೋದ ಕರೆಂಟು ಅಷ್ಟೂ ನ್ಯೂಟ್ರಲಿನಲ್ಲಿ ವಾಪಸು ಬಂತೇ ಎಂದು ಅದು ಸದಾ ಹೋಲಿಸಿ ನೋಡುತ್ತಿರುತ್ತದೆ. ಹೋದದ್ದಕ್ಕಿಂತ ಬಂದದ್ದು ಕಡಿಮೆಯಾದರೆ ಉಳಿದದ್ದು ಬೇರೆಲ್ಲೋ, ಬಹುಶಃ ಮನುಷ್ಯನ ಮೈಯಿಂದಲೇ ನೆಲಕ್ಕೆ ಇಳಿಯುತ್ತಿದೆ ಎಂದರ್ಥ. ಮನೆಗಳಲ್ಲಿ ಹಾಕುವುದು ಸಾಮಾನ್ಯವಾಗಿ 30 ಮಿಲಿ ಆಂಪಿಯರಿನದು. ಸೋರಿಕೆ ಅದರ ಐದು ಪಟ್ಟು, ಅಂದರೆ 150 ಮಿಲಿ ಆಂಪಿಯರ್ ಮುಟ್ಟಿದರೆ ಸೆಕೆಂಡಿನ ಇಪ್ಪತ್ತೈದನೆಯ ಒಂದು ಭಾಗದೊಳಗೆ ಅದು ಕರೆಂಟು ಕಡಿಯಬೇಕು. ಮಾನಕ ಹಾಗೆ ಹೇಳುತ್ತದೆ. ಒದ್ದೆ ಯಂತ್ರಗಳಿಗೆ 10 ಮಿಲಿ ಆಂಪಿಯರಿನದು ಇನ್ನೂ ಒಳ್ಳೆಯದು. ಬೋರ್ಡಿನಲ್ಲಿ ಇಲ್ಲದಿದ್ದರೆ ಕೆಲಸಗಾರರು ತಮ್ಮ ಎಕ್ಸ್‌ಟೆನ್ಶನ್ ಪೆಟ್ಟಿಗೆಯಲ್ಲೇ ಒಂದನ್ನು ಕೂರಿಸಿಕೊಂಡು ಜೊತೆಗೆ ಒಯ್ಯಬಹುದು. ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲಿ ಮಾಡಿಸಿಕೊಂಡರೆ ಸರಿ.

ಆರ್.ಸಿ.ಸಿ.ಬಿ. ಮೇಲೆ 'ಟಿ' ಎಂದು ಬರೆದ ಸಣ್ಣ ಗುಂಡಿ ಇರುತ್ತದೆ. ಕರೆಂಟು ಇರುವಾಗ ಅದನ್ನು ಒತ್ತಿದರೆ ಟಪ್ಪೆಂದು ಬೀಳಬೇಕು. ಪ್ರತಿದಿನ ಕೆಲಸ ಶುರುಮಾಡುವ ಮೊದಲು ಇದನ್ನು ಒತ್ತಿ ನೋಡಿ. ಬೀಳದಿದ್ದರೆ ಅದು ಕೆಟ್ಟಿದೆ, ಆ ದಿನ ಕೆಲಸವಿಲ್ಲ. ಆದರೆ ಆ ಗುಂಡಿ ಪರೀಕ್ಷಿಸುವುದು ಆ ಪೆಟ್ಟಿಗೆಯನ್ನು ಮಾತ್ರ. ಮನೆಯ ಅರ್ತಿಂಗ್ ಸರಿಯಿದೆಯೇ ಎಂಬುದನ್ನು ಅದು ಹೇಳಲಾರದು. ಯಂತ್ರದ ಲೇಬಲ್ಲಿನ ಮೇಲೆ ಚೌಕದೊಳಗೆ ಚೌಕದ ಗುರುತು ಇದ್ದರೆ ಅದಕ್ಕೆ ಎರಡು ಪದರದ ಇನ್ಸುಲೇಷನ್ ಇದೆ ಎಂದರ್ಥ, ಅದಕ್ಕೆ ಅರ್ತ್ ವೈರು ಇರುವುದಿಲ್ಲ. ಆ ಗುರುತಿಲ್ಲದ, ಲೋಹದ ಮೈಯ ಯಂತ್ರಕ್ಕೆ ಮೂರು ಪಿನ್ನಿನ ಪ್ಲಗ್ಗೂ ಸರಿಯಾಗಿ ಕೆಲಸ ಮಾಡುವ ಅರ್ತಿಂಗೂ ಇರಲೇಬೇಕು. ಕೆಲಸದ ಜಾಗದಲ್ಲಿ ಜನರೇಟರ್ ಇಟ್ಟು ಕರೆಂಟು ಕೊಡುವುದಾದರೆ ಇನ್ನೊಂದು ಎಚ್ಚರ ಬೇಕು. ಜನರೇಟರಿನ ನ್ಯೂಟ್ರಲನ್ನು ಸರಿಯಾಗಿ ಅರ್ತ್ ಮಾಡಿರದಿದ್ದರೆ ಆರ್.ಸಿ.ಸಿ.ಬಿ. ಇದ್ದೂ ಪ್ರಯೋಜನಕ್ಕೆ ಬಾರದಿರಬಹುದು. ಎಲೆಕ್ಟ್ರಿಷಿಯನ್ನನ್ನು ಕರೆಸಿ ನೋಡಿಸಿಯೇ ಕೆಲಸಕ್ಕೆ ಕೊಡಿ.

ಇನ್ನು ಕೆಲಸದ ಜಾಗ. ಕಟ್ಟಡಗಳಲ್ಲಿ ನಿತ್ಯ ಕಾಣುವ ಒಂದು ದೃಶ್ಯವಿದೆ. ಯಂತ್ರದ ವೈರಿಗೆ ಪ್ಲಗ್ಗೇ ಇರುವುದಿಲ್ಲ. ಎರಡು ವೈರುಗಳ ತುದಿ ಕೆತ್ತಿ, ಸಾಕೆಟ್ಟಿನ ತೂತಿಗೆ ತುರುಕಿ, ಜಾರದಂತೆ ಬೆಂಕಿಕಡ್ಡಿ ಸಿಕ್ಕಿಸಿರುತ್ತಾರೆ. ನಡುವೆ ಮೂರು ಕಡೆ ವೈರಿಗೆ ಗಂಟು, ಗಂಟಿನ ಮೇಲೆ ಟೇಪು, ಟೇಪಿನ ಮೇಲೆ ನೀರು. ಇದಕ್ಕೆ ಯಾವ ಮನೆಯವರೂ ಅವಕಾಶ ಕೊಡಬಾರದು. ಪ್ಲಗ್ಗಿಗೆ ಆಗುವ ಖರ್ಚು ಒಂದು ಊಟದ ಖರ್ಚಿನಷ್ಟೂ ಇಲ್ಲ. ವೈರು ತುಂಡಿಲ್ಲದೆ ಒಂದೇ ಆಗಿರಲಿ, ರಬ್ಬರ್ ಹೊದಿಕೆಯ ಗಟ್ಟಿ ಕೇಬಲ್ ಆಗಿರಲಿ. ಎಕ್ಸ್‌ಟೆನ್ಶನ್ ಪೆಟ್ಟಿಗೆ ನೆಲದ ಮೇಲೆ ಬೇಡ, ನೀರು ಹರಿಯದ ಕಡೆ ಎತ್ತರದಲ್ಲಿ ತೂಗುಹಾಕಿ. ಯಂತ್ರದಿಂದ ಸಾಕೆಟ್ಟಿಗೆ ಹೋಗುವ ವೈರು ಸಾಕೆಟ್ಟಿಗಿಂತ ಕೆಳಕ್ಕೆ ಇಳಿದು ಆಮೇಲೆ ಮೇಲಕ್ಕೆ ಹತ್ತುವಂತಿರಲಿ. ವೈರಿನ ಮೇಲೆ ಜಾರುವ ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕಿ ಬೀಳುತ್ತದೆ, ಸಾಕೆಟ್ಟಿಗೆ ಹೋಗುವುದಿಲ್ಲ. ಕಾಲಿಗೆ ಗಮ್‌ಬೂಟು, ಕೈಗೆ ಬಿಗಿಯಾದ ರಬ್ಬರ್ ಗ್ಲೌಸು, ಮುಂದೆ ರಬ್ಬರಿನ ಅಥವಾ ಪ್ಲಾಸ್ಟಿಕ್ಕಿನ ಏಪ್ರನ್ನು, ಕಣ್ಣಿಗೆ ಕನ್ನಡಕ, ಕಿವಿಗೆ ಬಿರಡೆ. ಹೆಗಲ ಟವೆಲು, ಕೊರಳ ದಾರ, ಕೈಯ ಬಳೆ, ಕಡಗ ಯಾವುದೂ ಮೈಮೇಲೆ ಇರಬಾರದು. ತಿರುಗುವ ದಂಡಕ್ಕೆ ಬಟ್ಟೆಯ ಚುಂಗು ಸಿಕ್ಕಿದರೆ ಅದು ಕೈಯನ್ನೂ ಎಳೆದುಕೊಳ್ಳುತ್ತದೆ. ನೀರು ಬಿಟ್ಟರೂ ಸಣ್ಣ ಧೂಳು ಪೂರ್ತಿ ಅಡಗುವುದಿಲ್ಲವಾದ್ದರಿಂದ ಎನ್-95 ಮಾಸ್ಕು ಬೇಕು. ಬಾಯಿಗೆ ಕಟ್ಟಿದ ಕರ್ಚೀಫು ಆ ಕಣಗಳನ್ನು ತಡೆಯುವುದಿಲ್ಲ. ನೆನೆದ ಮಾಸ್ಕನ್ನು ಬದಲಿಸಿ.

ಈಗ ಕೆಲಸ. ಮೊದಲು ಪ್ಲಗ್ ಕಿತ್ತು ಪ್ಯಾಡು ಹಾಕಿ, ಆಮೇಲೆ ಪ್ಲಗ್ ಸಿಕ್ಕಿಸಿ. ಈ ಕ್ರಮ ಪ್ರತಿಸಲ ಪ್ಯಾಡು ಬದಲಿಸುವಾಗಲೂ ತಪ್ಪಬಾರದು. 50ನೇ ನಂಬರಿನ ಒರಟು ಪ್ಯಾಡಿನಿಂದ ಶುರುವಾಗಿ 100, 200, 400, 800, 1500, 3000 ಎಂದು ನುಣುಪಾಗುತ್ತ ಹೋಗುವಾಗ ಅವಸರದಲ್ಲಿ ಪ್ಲಗ್ ಕೀಳದೆ ಪ್ಯಾಡು ಎಳೆಯುವವರಿದ್ದಾರೆ. ಸ್ವಿಚ್ಚಿಗೆ ಬೆರಳು ತಗಲಿದರೆ ಅಂಗೈ ಹೋಗುತ್ತದೆ. ನೀರನ್ನು ಮೊದಲು ಬಿಡಿ, ಪ್ಯಾಡಿನ ಕೆಳಗೆ ತೆಳುವಾಗಿ ಹರಡಿಕೊಂಡ ಮೇಲೆ ಯಂತ್ರ ಚಾಲೂ ಮಾಡಿ. ಕಡಿಮೆ ವೇಗದಿಂದ ಆರಂಭಿಸಿ. ಎರಡೂ ಕೈ ಹಿಡಿತದಲ್ಲಿರಲಿ, ಪಕ್ಕದ ಹಿಡಿಯನ್ನು ಬಿಚ್ಚಿಡಬೇಡಿ. ಪ್ಯಾಡು ಕಲ್ಲಿನ ಮೇಲೆ ಚಪ್ಪಟೆಯಾಗಿ ಕೂರಲಿ. ಯಂತ್ರದ ಭಾರವೇ ಸಾಕು, ಮೈಭಾರ ಹಾಕಿ ಒತ್ತಬೇಡಿ. ಒಂದೇ ಕಡೆ ನಿಲ್ಲದೆ ಅಂಚಿನುದ್ದಕ್ಕೂ ಆಡಿಸುತ್ತಿರಿ. ಸಿಂಕಿಗೆಂದು ಕೊಯ್ದ ತೂತಿನ ಮೂಲೆಗಳಲ್ಲಿ ಪ್ಯಾಡು ಸಿಕ್ಕಿಕೊಂಡು ಯಂತ್ರ ಒದೆಯುತ್ತದೆ, ಅಲ್ಲಿ ಇನ್ನಷ್ಟು ನಿಧಾನ. ತಲೆಗಿಂತ ಎತ್ತರಕ್ಕೆ ಹಿಡಿದು ಒದ್ದೆ ಪಾಲಿಶ್ ಮಾಡಲೇಬಾರದು, ನೀರು ನೇರವಾಗಿ ಮೋಟರಿಗೆ ಇಳಿಯುತ್ತದೆ.

ನಮ್ಮ ಊರುಗಳಿಗೆ ಬೇಕೇಬೇಕಾದ ಒಂದು ಎಚ್ಚರವನ್ನು ಬಿಡಿಸಿ ಹೇಳಬೇಕು. ಕೆಲಸದ ನಡುವೆ ಕರೆಂಟು ಹೋಗುತ್ತದೆ. ಯಂತ್ರ ನಿಂತಿತು ಎಂದು ಅದನ್ನು ಹಾಗೇ ಕಲ್ಲಿನ ಮೇಲಿಟ್ಟು ಕೆಲಸಗಾರ ಚಹಾ ಕುಡಿಯಲು ಹೋಗುತ್ತಾನೆ. ಸ್ವಿಚ್ಚು ಆನ್ ಇರುವಂತೆಯೇ ಲಾಕ್ ಆಗಿರುತ್ತದೆ. ಕರೆಂಟು ಬಂದ ಕೂಡಲೇ ಹಲವು ಯಂತ್ರಗಳು ತಾವಾಗಿಯೇ ತಿರುಗತೊಡಗುತ್ತವೆ, ಕೆಳಗೆ ಬಿದ್ದು ನೀರಿನಲ್ಲಿ ಹೊರಳುತ್ತವೆ. ಹತ್ತಿರದಲ್ಲಿ ಮಗುವೊಂದಿದ್ದರೆ ಏನಾದೀತು, ಯೋಚಿಸಿ. ಕರೆಂಟು ಹೋದ ಕ್ಷಣವೇ ಸ್ವಿಚ್ ಆಫ್ ಮಾಡಿ, ಪ್ಲಗ್ ಕೀಳಿ. ಆಮೇಲೆ ಚಹಾ.

"ಸ್ವಲ್ಪ ಜುಮ್ ಅನ್ನುತ್ತೆ ಸಾರ್, ಪರವಾಗಿಲ್ಲ, ಅಭ್ಯಾಸ ಆಗಿದೆ" ಎನ್ನುವ ಮಾತು ಈ ಕೆಲಸದಲ್ಲಿ ಬಹಳ ಸಲ ಕೇಳಿಬರುತ್ತದೆ. ಇದಕ್ಕಿಂತ ಅಪಾಯದ ಮಾತು ಮತ್ತೊಂದಿಲ್ಲ. ಜುಮ್ಮೆನ್ನುವುದು ಎಂದರೆ ಕರೆಂಟು ಆಗಲೇ ಹೊರಗೆ ಬಂದಿದೆ ಎಂದರ್ಥ. ಇವತ್ತು ಕೈ ಸ್ವಲ್ಪ ಒಣಗಿತ್ತು, ಚಪ್ಪಲಿ ಇತ್ತು, ಆದ್ದರಿಂದ ಜುಮ್ಮೆಂದಿತು. ನಾಳೆ ಬರಿಗಾಲು ನೀರಿನಲ್ಲಿದ್ದರೆ ಕೈ ಬಿಡಿಸಿಕೊಳ್ಳಲು ಆಗುವುದಿಲ್ಲ. ಮೈ ಯಾವತ್ತೂ ಕರೆಂಟಿಗೆ ಒಗ್ಗುವುದಿಲ್ಲ. ಜುಮ್ಮೆಂದ ಯಂತ್ರವನ್ನು ಆ ಗಳಿಗೆಯೇ ಕೆಳಗಿಟ್ಟು ರಿಪೇರಿಗೆ ಕಳಿಸಿ. ಟ್ರಿಪ್ ಸ್ವಿಚ್ ಪದೇ ಪದೇ ಬೀಳುತ್ತಿದೆ, ಕೆಲಸಕ್ಕೆ ಅಡ್ಡಿ ಎಂದು ಅದನ್ನು ತಪ್ಪಿಸಿ ನೇರ ಲೈನು ಎಳೆದುಕೊಳ್ಳುವವರಿದ್ದಾರೆ. ಅದು ಬೀಳುತ್ತಿರುವುದು ಸೋರಿಕೆ ಇರುವುದರಿಂದ. ಸೋರಿಕೆಯನ್ನು ಹುಡುಕಿ ಸರಿಪಡಿಸಿ, ಕಾವಲಿಗಿರುವ ಸಾಧನವನ್ನು ತೆಗೆಯಬೇಡಿ.

ಮೊಸಾಯಿಕ್, ಕೋಟಾ ಕಲ್ಲು, ಮಾರ್ಬಲ್ ನೆಲಕ್ಕೆ ಹೊಳಪು ಕೊಡುವ ದೊಡ್ಡ ಪಾಲಿಶ್ ಮಷಿನ್ನಿಗೂ ಈ ಮಾತುಗಳೆಲ್ಲ ಅನ್ವಯಿಸುತ್ತವೆ. ಅಲ್ಲಿ ಇಡೀ ಕೋಣೆಯೇ ನೀರಾಗಿರುತ್ತದೆ, ಕೇಬಲ್ಲು ಆ ನೀರಿನಲ್ಲೇ ಎಳೆದಾಡುತ್ತದೆ. ಕೇಬಲ್ಲನ್ನು ಇನ್ನೊಬ್ಬರು ಹೆಗಲೆತ್ತರಕ್ಕೆ ಹಿಡಿದು ನಡೆಯಬೇಕು, ಇಲ್ಲವೇ ಮೇಲೆ ತೂಗುಹಾಕಬೇಕು. ಕೊನೆಯಲ್ಲಿ ಬಳಸುವ ಆಕ್ಸಾಲಿಕ್ ಆಮ್ಲದ ಪುಡಿ ಚರ್ಮವನ್ನೂ ಕಣ್ಣನ್ನೂ ಸುಡುತ್ತದೆ, ಹೊಟ್ಟೆಗೆ ಹೋದರೆ ವಿಷ. ಸಕ್ಕರೆಯಂತೆ ಕಾಣುವ ಅದನ್ನು ಮಕ್ಕಳ ಕೈಗೆ ಸಿಗುವಂತೆ ಇಡಬಾರದು.

ಕೆಲಸ ಮುಗಿದ ಮೇಲೆ ಉಳಿಯುವ ರಾಡಿಯನ್ನು ಒದ್ದೆಯಿರುವಾಗಲೇ ಬಳಿದು ಚೀಲಕ್ಕೆ ತುಂಬಿ. ಒಣಗಲು ಬಿಟ್ಟು ಮರುದಿನ ಪೊರಕೆಯಿಂದ ಗುಡಿಸಿದರೆ, ನೀರು ಹಿಡಿದಿಟ್ಟ ಧೂಳೆಲ್ಲ ಮತ್ತೆ ಗಾಳಿಗೆ ಏಳುತ್ತದೆ. ಆಗ ಅದನ್ನು ಉಸಿರಾಡುವವರು ಮನೆಯವರು. ರಾಡಿ ಮೆತ್ತಿದ ಬಟ್ಟೆಯನ್ನು ಕೆಲಸಗಾರರು ಕೊಡವದೆ ನೀರಿನಲ್ಲಿ ನೆನೆಸಿ ಒಗೆಯಬೇಕು. ಯಂತ್ರದ ನೀರು ನಿಲ್ಲಿಸಿ ಅರೆ ನಿಮಿಷ ಬರಿದೇ ಓಡಿಸಿದರೆ ಉಳಿದ ನೀರು ಹೊರಬೀಳುತ್ತದೆ. ಆಮೇಲೆ ಪ್ಲಗ್ ಕಿತ್ತು ಒರೆಸಿ, ಒಣ ಜಾಗದಲ್ಲಿಡಿ.

ಇಷ್ಟೆಲ್ಲ ಎಚ್ಚರದ ನಡುವೆಯೂ ಯಾರಿಗಾದರೂ ಶಾಕ್ ಹೊಡೆದರೆ, ಮುಟ್ಟಲು ಓಡಬೇಡಿ. ನೀರಿನ ಮೇಲೆ ಕಾಲಿಡಬೇಡಿ. ಮೊದಲು ಮೇನ್ ಸ್ವಿಚ್ ಆರಿಸಿ. ಹಾಗಾಗಿ ಕೆಲಸ ಶುರುವಾಗುವ ಮೊದಲೇ ಮೇನ್ ಸ್ವಿಚ್ ಎಲ್ಲಿದೆ ಎಂಬುದು ಅಲ್ಲಿರುವ ಎಲ್ಲರಿಗೂ ಗೊತ್ತಿರಬೇಕು. ಕರೆಂಟು ಕಡಿದ ಮೇಲೆ 108ಕ್ಕೆ ಫೋನ್ ಮಾಡಿ. ಬಿದ್ದವರಿಗೆ ಎಚ್ಚರವಿಲ್ಲದೆ, ಉಸಿರೂ ಸರಿಯಾಗಿ ಆಡದಿದ್ದರೆ ಅಂಗಾತ ಮಲಗಿಸಿ, ಎದೆಯ ನಡುವೆ ಒಂದು ಅಂಗೈಯ ಮೇಲೆ ಇನ್ನೊಂದನ್ನಿಟ್ಟು, ಐದು ಸೆಂಟಿಮೀಟರಿನಷ್ಟು ಒಳಕ್ಕೆ ಹೋಗುವಂತೆ, ನಿಮಿಷಕ್ಕೆ 100ರಿಂದ 120 ಬಾರಿ ಒತ್ತುತ್ತಿರಿ. ಆಂಬುಲೆನ್ಸ್ ಬರುವವರೆಗೂ ನಿಲ್ಲಿಸಬೇಡಿ. ಎದ್ದು ಕೂತು ಚೆನ್ನಾಗಿದ್ದೇನೆ ಎಂದರೂ ಆಸ್ಪತ್ರೆಗೆ ಕರೆದೊಯ್ಯಿರಿ. ಹೃದಯದ ಬಡಿತದ ಏರುಪೇರು ಆಮೇಲೂ ಕಾಣಿಸಿಕೊಳ್ಳಬಹುದು.

ಕೊನೆಯದಾಗಿ ಮನೆ ಕಟ್ಟಿಸುವವರಲ್ಲಿ ನನ್ನ ವಿನಂತಿ. "ನೀರು ಚೆಲ್ಲಬೇಡಿ, ಹೊಸ ಗೋಡೆಗೆ ರಾಡಿ ಹಾರಿಸಬೇಡಿ" ಎಂದು ನೀವು ಗದರಿದರೆ ಕೆಲಸಗಾರ ನೀರು ನಿಲ್ಲಿಸಿ ಒಣಕಲ್ಲನ್ನೇ ಉಜ್ಜುತ್ತಾನೆ. ಗೋಡೆ ಚೊಕ್ಕವಾಗಿ ಉಳಿಯುತ್ತದೆ, ಧೂಳು ಅವನ ಎದೆಗೆ ಇಳಿಯುತ್ತದೆ. ಅಳತೆ ಕೊಟ್ಟು ಅಂಚಿನ ಪಾಲಿಶನ್ನು ಅಂಗಡಿಯಲ್ಲೇ ಮುಗಿಸಿ ತರಿಸಿ. ಆಗದಿದ್ದರೆ ಸ್ಲ್ಯಾಬನ್ನು ಕೂರಿಸುವ ಮೊದಲೇ ಅಂಗಳದಲ್ಲಿಟ್ಟು ಉಜ್ಜಲು ಜಾಗ ಕೊಡಿ. ನಿಮ್ಮ ಬೋರ್ಡಿನಲ್ಲಿ ಆರ್.ಸಿ.ಸಿ.ಬಿ. ಇಲ್ಲದಿದ್ದರೆ ಕಲ್ಲಿನ ಕೆಲಸ ಶುರುವಾಗುವ ಮೊದಲೇ ಹಾಕಿಸಿ. ಕೆಲಸಗಾರ ಹೋದ ಮೇಲೂ ಅದು ನಿಮ್ಮ ಗೀಸರಿನಿಂದ, ವಾಷಿಂಗ್ ಮಷಿನ್ನಿನಿಂದ ನಿಮ್ಮ ಮಕ್ಕಳನ್ನು ಕಾಯುತ್ತದೆ. ಗಾಜಿನ ಬಲ್ಬು, ಬಣ್ಣದ ಟೈಲು ಆರಿಸಲು ಅಂಗಡಿ ಅಂಗಡಿ ತಿರುಗುವ ನಾವು ಈ ಒಂದು ಸ್ವಿಚ್ಚಿಗಾಗಿಯೂ ಒಂದು ದಿನ ಹೊರಡೋಣ.

ಕೆಲಸಗಾರ ಬಂಧುಗಳೇ, ನಿಮ್ಮಲ್ಲಿ ಇನ್ನೊಂದು ಮಾತು. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಿಕೊಂಡಿಲ್ಲದಿದ್ದರೆ ಮಾಡಿಸಿಕೊಳ್ಳಿ. ಕೆಮ್ಮು, ಏದುಸಿರು ಇದ್ದು ವೈದ್ಯರ ಬಳಿ ಹೋದಾಗ "ನಾನು ಕಲ್ಲು ಉಜ್ಜುವ ಕೆಲಸ ಮಾಡುತ್ತೇನೆ, ಇಷ್ಟು ವರ್ಷದಿಂದ ಮಾಡುತ್ತಿದ್ದೇನೆ" ಎಂದು ಮರೆಯದೆ ಹೇಳಿ. ಆ ಒಂದು ಮಾತಿನಿಂದ ವೈದ್ಯರ ಆಲೋಚನೆ ಸರಿಯಾದ ದಾರಿ ಹಿಡಿಯುತ್ತದೆ. ನಾಳೆ ಬೆಳಿಗ್ಗೆ ಯಂತ್ರ ಮುಟ್ಟುವ ಮೊದಲು ಮೂರು ಕೆಲಸ ಮಾಡಿ: ಟ್ರಿಪ್ ಸ್ವಿಚ್ಚಿನ ಗುಂಡಿ ಒತ್ತಿ ನೋಡಿ, ವೈರನ್ನು ತುದಿಯಿಂದ ತುದಿಗೆ ಕೈಯಾಡಿಸಿ ನೋಡಿ, ಕಾಲಿಗೆ ಬೂಟು ಹಾಕಿಕೊಳ್ಳಿ. ಈ ಮೂರರಲ್ಲಿ ಯಾವುದು ತಪ್ಪಿದರೂ ಕೆಲಸ ಆರಂಭಿಸಬೇಡಿ, ಮೇಸ್ತ್ರಿ ಹೇಳಿದರೂ, ಮನೆಯ ಯಜಮಾನರು ಅವಸರ ಮಾಡಿದರೂ ಆರಂಭಿಸಬೇಡಿ.